ಖಾಡಿಯೊಳಗಿನ ಬಂದರು, ಹೊರಗಿನ ಕಡಲು: ಠಾಣೆ–ಕಲ್ಯಾಣ ಸೀಮೆಯ ಹಡಗುಯಾನದ ಚರಿತ್ರೆ

ಬಿರುಸಾಗಿ ಏಳುತ್ತಿರುವ ಕಡಲಿನ ಮೇಲೆ ಎರಡು ಮೂರು ರಾತ್ರಿಗಳನ್ನು ಸುಖವಾಗಿ ಕಳೆದು, ಯಾವ ಊರಿಗೂ ಹೋಗಿ ಮುಟ್ಟಬೇಕಾದ ಜರೂರಿಲ್ಲದೆ, ಹೊರಟ ಧಕ್ಕೆಗೇ ಮರಳಿ ಬರುವ ವಿಹಾರಯಾನವು ಇಂದು ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ನೌಕರಿವಂತ ಕುಟುಂಬಗಳಿಗೂ ಎಟುಕುವ ರಜೆಯ ಬಾಬತ್ತಾಗಿದೆ. ಗೊತ್ತಾದ ಊರುಗಳ ನಡುವೆ ಗೊತ್ತಾದ ವೇಳೆಗೆ ಜನರನ್ನು ಸಾಗಿಸುವ ದೊಡ್ಡ ಹಡಗಿಗೆ ಲೈನರ್ ಎಂದೂ, ಪ್ರಯಾಣವನ್ನೇ ಉದ್ದೇಶವಾಗಿಸಿಕೊಂಡ ಹಡಗಿನ ಓಡಾಟಕ್ಕೆ ಕ್ರೂಸ್ ಎಂದೂ ಹೆಸರಿದ್ದು, ಈ ಎರಡನೆಯ ಬಗೆಯ ಯಾನ ಈ ಕರಾವಳಿಯ ಮಟ್ಟಿಗೆ ತೀರ ಈಚಿನದು. ಅದಕ್ಕೂ ಮೊದಲಿನ ಸುಮಾರು ಎರಡು ಸಾವಿರ ವರ್ಷಗಳ ಕಾಲ ಇಲ್ಲಿನ ಹಡಗುಯಾನದ ಜಾಣ್ಮೆಯೆಲ್ಲ ಬಿರುಗಡಲನ್ನು ತಪ್ಪಿಸಿಕೊಳ್ಳುವುದರಲ್ಲೇ ಇತ್ತು. ಈ ಸೀಮೆಯ ಹಳೆಯ ಊರುಗಳು ಈಗಿರುವ ಜಾಗದಲ್ಲಿ ಬೆಳೆದುದಕ್ಕೂ ಅದೇ ಒಂದು ಮುಖ್ಯ ಕಾರಣ.

ನಕಾಶೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸಹ್ಯಾದ್ರಿಯಿಂದಿಳಿದು ಬರುವ ಉಲ್ಹಾಸ್ ನದಿ ಕಲ್ಯಾಣ ಮತ್ತು ಡೊಂಬಿವಲಿಗಳನ್ನು ಹಾದು ಠಾಣೆಯ ಬಡಗಣದಲ್ಲಿ ಕವಲೊಡೆದು, ಒಂದು ಕವಲು ವಸಯಿಯ ಕಡೆಗೂ ಇನ್ನೊಂದು ತೆಂಕಣಕ್ಕೆ ತಿರುಗಿ ಮುಂಬಯಿ ಬಂದರಿನ ಕಡೆಗೂ ಹರಿಯುತ್ತದೆ. ಈ ಎರಡರ ನಡುವೆ ಸಿಕ್ಕ ನೆಲವೇ ಸಾಷ್ಟಿ ದ್ವೀಪ. ಭರತದ ಹೊತ್ತಿಗೆ ಉಪ್ಪುನೀರು ಮೇಲೇರಿ, ಇಳಿತಕ್ಕೆ ಕೆಸರುದಂಡೆ ಬಿಟ್ಟುಕೊಳ್ಳುವ ಇಂಥ ಒಳಚಾಚನ್ನು ಮರಾಠಿಯಲ್ಲೂ ಕಾರವಾರದ ಕನ್ನಡದಲ್ಲೂ ಖಾಡಿ ಎನ್ನುತ್ತಾರೆ. ತೆರೆಗಡಲಿನ ಅಲೆ ಖಾಡಿಯ ತಿರುವುಗಳಲ್ಲಿ ಬಲಗುಂದುವುದರಿಂದ, ಹಾಯಿಯ ಹಡಗನ್ನು ಭರತದೊಂದಿಗೆ ಒಳಗೆ ತಂದು ಕಟ್ಟಿದರೆ ತೂಫಾನಿನ ಭಯ ಬಹುಮಟ್ಟಿಗೆ ತಪ್ಪುತ್ತಿತ್ತು. ಇದರ ಜೊತೆಗೆ ನಾಣೇಘಾಟಿನಂಥ ಕಣಿವೆದಾರಿಗಳಿಂದ ಇಳಿದುಬರುವ ಎತ್ತುಗಳ ಸಾಲಿಗೂ ಕಲ್ಯಾಣ ಸಹಜವಾದ ತಂಗುದಾಣವಾಗಿತ್ತು.

ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕಕೈಪಿಡಿಯಾದ ಪೆರಿಪ್ಲಸ್ ಈ ಊರನ್ನು ಕಲ್ಲಿಯೆನ ಎಂದು ಕರೆದು, ಹಿಂದೆ ಅದು ಕಾನೂನುಬದ್ಧ ಪೇಟೆಯಾಗಿತ್ತೆಂದೂ, ಈಗ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರುಗಚ್ಛಕ್ಕೆ, ಎಂದರೆ ಇಂದಿನ ಭರೂಚಿಗೆ, ಒಯ್ಯಲಾಗುವುದೆಂದೂ ಎಚ್ಚರಿಸುತ್ತದೆ. ಸಾತವಾಹನರಿಗೂ ಅವರ ಎದುರಾಳಿಗಳಿಗೂ ನಡೆದ ಸುಂಕದ ಜಗಳದ ನೆರಳು ಇಲ್ಲಿದೆ. ಕಾಣ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ವ್ಯಾಪಾರಿಗಳು ದಾನಿಗಳಾಗಿ ಕಾಣಿಸಿಕೊಳ್ಳುವುದನ್ನು ಗಮನಿಸಿದರೆ, ಕಡಲು ತಂದ ಹಣದ ಒಂದು ಪಾಲು ಬೆಟ್ಟದ ಕಲ್ಲಿನಲ್ಲಿ ಕರಗಿದ್ದು ತಿಳಿಯುತ್ತದೆ. ಆರನೆಯ ಶತಮಾನದಲ್ಲಿ ಕೋಸ್ಮಾಸ್ ಎಂಬ ಅಲೆಗ್ಸಾಂಡ್ರಿಯದ ವರ್ತಕನೂ ಇದೇ ಬಂದರನ್ನು ಕಲ್ಲಿಯಾನ ಎಂದು ಹೆಸರಿಸಿ, ಅಲ್ಲಿ ಪರ್ಷಿಯದಿಂದ ನೇಮಕವಾದ ಕ್ರೈಸ್ತ ಬಿಷಪ್ ಇದ್ದನೆಂದು ಬರೆದಿದ್ದಾನೆ.

ಕನ್ನಡ ನಾಡಿಗೂ ಈ ನೀರಿಗೂ ಇರುವ ನಂಟು ಕನಿಷ್ಠ ಏಳನೆಯ ಶತಮಾನದಷ್ಟು ಹಳೆಯದು. ಬಾದಾಮಿಯ ಇಮ್ಮಡಿ ಪುಲಿಕೇಶಿ ಪಡುಗಡಲಿನ ಪುರಿ ಎಂಬ ನಗರವನ್ನು ನೌಕಾಪಡೆಯೊಂದಿಗೆ ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಈ ಪುರಿ ಇಂದಿನ ನವಿ ಮುಂಬಯಿಯ ಎದುರಿಗಿರುವ ಘಾರಾಪುರಿಯೋ, ತೆಂಕಣದ ರಾಜಪುರಿಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಮುಂದೆ ರಾಷ್ಟ್ರಕೂಟರ ಸಾಮಂತರಾಗಿ ಉತ್ತರ ಕೊಂಕಣವನ್ನು ಆಳಿದ, ಠಾಣೆಯನ್ನು ಶ್ರೀಸ್ಥಾನಕವೆಂದು ಕರೆದ ಶಿಲಾಹಾರರ ಬಿರುದುಗಳಲ್ಲಿ ಮಲಗಲಗಂಡದಂಥ ಕನ್ನಡ ಪದಗಳು ಬೆರೆತಿದ್ದು, ಆ ವಂಶದ ಮೂಲವನ್ನು ಹುಡುಕುವವರಿಗೆ ಇದು ಸಣ್ಣ ಸುಳಿವಲ್ಲ. ಶಿಲಾಹಾರರ ಕೊನೆಯ ಅರಸು ಸೋಮೇಶ್ವರ 1265ರ ಸುಮಾರಿಗೆ ದೇವಗಿರಿಯ ಯಾದವ ಮಹಾದೇವನೊಂದಿಗೆ ಹೋರಾಡಿ ಕಡಲಲ್ಲಿ ಮುಳುಗಿದನೆಂದು ಹೇಮಾದ್ರಿ ಎಂಬ ಪಂಡಿತನ ಗ್ರಂಥ ದಾಖಲಿಸುತ್ತದೆ. ಬೋರಿವಲಿಯ ಬಳಿಯ ಎಕ್ಸರ್‌ನಲ್ಲಿರುವ ವೀರಗಲ್ಲುಗಳ ನೌಕಾಯುದ್ಧದ ಸಾಲುಗಳನ್ನು ಹಲವರು ಆ ಕಾಳಗಕ್ಕೇ ಸಂಬಂಧಿಸುತ್ತಾರೆ. ಕಾಲದ ವಿಚಾರ ಏನೇ ಇರಲಿ, ಆ ಕಲ್ಲುಗಳಲ್ಲಿ ಎದ್ದು ಕಾಣುವುದು ಹಡಗುಗಳ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿದ ಹುಟ್ಟುಗಳು. ಹುಟ್ಟು ಹಾಕಿ ನಡೆಸುವ ಉದ್ದನೆಯ ತಗ್ಗು ಹಡಗು ಖಾಡಿಗೆ ಮತ್ತು ತಿಳಿಗಡಲಿಗೆ ಹೇಳಿಮಾಡಿಸಿದ್ದೇ ಹೊರತು ಆಷಾಢದ ಅಲೆಗಲ್ಲ.

ಹಾಯಿಯ ಕಾಲದ ಯಾತ್ರಿಕನಿಗೆ ಗಾಳಿ ಹೆಚ್ಚಾದರೂ ಸಂಕಟ, ಇಲ್ಲದಿದ್ದರೂ ಸಂಕಟ. 1321ರಲ್ಲಿ ಠಾಣೆಯಲ್ಲಿ ಕೊಲೆಯಾದ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಎಲುಬುಗಳನ್ನು ಹೊತ್ತು ಮುಂದಕ್ಕೆ ಸಾಗಿದ ಓಡೊರಿಕ್ ಎಂಬ ಇಟಲಿಯ ಸನ್ಯಾಸಿ, ನಡುಗಡಲಲ್ಲಿ ಗಾಳಿ ನಿಂತುಹೋದಾಗ ಹಡಗಿನ ಎಲ್ಲ ಮತದವರೂ ತಂತಮ್ಮ ದೇವರನ್ನು ಕರೆದು ಸೋತ ಮೇಲೆ, ತಾನು ಗುಟ್ಟಾಗಿ ಒಂದು ಎಲುಬನ್ನು ನೀರಿಗೆ ಹಾಕಿಸಿದ್ದರಿಂದ ಗಾಳಿ ಬೀಸಿತೆಂದು ಬರೆದುಕೊಂಡಿದ್ದಾನೆ. ಪವಾಡವನ್ನು ಬದಿಗಿಟ್ಟು ಓದಿದರೂ ಅಂದಿನ ಹಡಗಿನೊಳಗಿನ ಮನಃಸ್ಥಿತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಶಿವಾಜಿ 1657ರಲ್ಲಿ ಕಲ್ಯಾಣ ಮತ್ತು ಭಿವಂಡಿಗಳನ್ನು ಹಿಡಿದು, ಎರಡು ವರ್ಷಗಳೊಳಗೆ ಅಲ್ಲಿ ಪೋರ್ಚುಗೀಸ್ ಕುಶಲಕರ್ಮಿಗಳ ನೆರವಿನಿಂದ ಯುದ್ಧನೌಕೆಗಳನ್ನು ಕಟ್ಟಿಸತೊಡಗಿದ್ದೂ ಖಾಡಿಯ ಆಶ್ರಯದಲ್ಲೇ. ಆದರೆ ಖಾಡಿಗೆ ಹೂಳಿನ ಶಾಪವೂ ಇತ್ತು. ಹಡಗುಗಳು ದೊಡ್ಡವಾದಂತೆ ಅವಕ್ಕೆ ಬೇಕಾದ ಆಳ ಕಲ್ಯಾಣದಲ್ಲಿ ಸಿಗದಾಯಿತು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿ, ಮರುವರ್ಷ ಹಳಿ ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿದ ಮೇಲೆ ಖಾಡಿಯ ಪ್ರಯಾಣಿಕ ದೋಣಿಗಳ ಕಾಲ ಮುಗಿಯುತ್ತ ಬಂತು. ಮರಳು ಇಳಿಸುವ ತಾಣವನ್ನು ಸೂಚಿಸುವ ರೇತಿ ಬಂದರ್ ಎಂಬ ಹೆಸರು ಮುಂಬ್ರಾ, ಡೊಂಬಿವಲಿಗಳಲ್ಲಿ ಇಂದಿಗೂ ಉಳಿದಿದೆ.

ರೈಲು ಬಂದ ಮೇಲೂ ಕನ್ನಡ ಕರಾವಳಿಯವರಿಗೆ ಮುಂಬಯಿಯ ದಾರಿ ಕಡಲೇ ಆಗಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಕಾರವಾರ, ಕುಮಟಾ, ಹೊನ್ನಾವರಗಳ ಜನರಿಗೆ ಕಚೇರಿ, ಕಾಲೇಜು, ಪೇಟೆ ಎಲ್ಲವೂ ಮುಂಬಯಿಯ ಕಡೆಗೆ ತಿರುಗಿದವು. ಮಂಗಳೂರಿಗೆ 1907ರಲ್ಲಿ ರೈಲು ಬಂದರೂ ಅದು ಮುಂಬಯಿಗೆ ಬಲು ಸುತ್ತಿನ ದಾರಿ. ಹೀಗಾಗಿ ಹೋಟೆಲಿನ ಕೆಲಸಕ್ಕೆ ಹೊರಟ ಹುಡುಗರೂ, ರಾತ್ರಿಶಾಲೆಯ ಆಸೆ ಹೊತ್ತವರೂ, ಗುಮಾಸ್ತಗಿರಿ ಹುಡುಕಿದವರೂ ಹತ್ತಿದ್ದು ಸ್ಟೀಮರನ್ನು. ಮುಂಬಯಿ ದ್ವೀಪದೊಳಗಿನ ಬಾಡಿಗೆ ಏರಿದಂತೆ ಇವರ ಮುಂದಿನ ತಲೆಮಾರುಗಳು ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೂ ಕೊನೆಗೆ ನವಿ ಮುಂಬಯಿಗೂ ಸರಿದವು.

ಆ ಪ್ರಯಾಣದಲ್ಲಿ ಅತಿ ಕಠಿಣವಾದ ಗಳಿಗೆ ಹಡಗು ಹತ್ತುವುದೇ ಆಗಿತ್ತು. ಸಣ್ಣ ಬಂದರುಗಳ ಅಳಿವೆಯಲ್ಲಿ ಮರಳುದಿಬ್ಬವಿದ್ದುದರಿಂದ ಸ್ಟೀಮರು ಹೊರಗೆ ಆಳದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಜನರನ್ನೂ ಗಂಟುಮೂಟೆಯನ್ನೂ ಮಚವೆ ಎಂಬ ಹಾಯಿದೋಣಿಯಲ್ಲಿ ಅದರ ಬಳಿಗೆ ಒಯ್ಯುತ್ತಿದ್ದರು. ಕಡಲು ಸ್ವಲ್ಪ ಎದ್ದಿದ್ದರೂ ಸ್ಟೀಮರಿನ ಪಕ್ಕದಲ್ಲಿ ಮಚವೆ ಆಳೆತ್ತರ ಏರಿ ಇಳಿಯುವುದು. ಅದು ಅಲೆಯ ನೆತ್ತಿಗೇರಿ ಅರೆಕ್ಷಣ ನಿಂತಾಗಲೇ ಏಣಿಗೆ ಕಾಲಿಡಬೇಕು, ತಡವಾದರೆ ಕಾಲಡಿಯ ದೋಣಿ ಕೆಳಗಿಳಿದಿರುತ್ತದೆ. ಮಕ್ಕಳನ್ನು ಖಲಾಸಿಗಳು, ಎಂದರೆ ಹಡಗಿನ ಆಳುಗಳು, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲೆ ಹತ್ತಿದ ಮೇಲೆ ಬಡವರ ಪಾಲಿಗೆ ಬಯಲು ಡೆಕ್, ಹಾಸಿಕೊಂಡ ಚಾಪೆ, ಎಂಜಿನಿನ ಎಣ್ಣೆಯ ಕಮಟು, ಸುತ್ತ ವಾಂತಿ. ಮಳೆಗಾಲದ ತಿಂಗಳುಗಳಲ್ಲಂತೂ ಈ ಸಣ್ಣ ಬಂದರುಗಳು ಮುಚ್ಚುತ್ತಿದ್ದವು; ಪತ್ತೆಮಾರಿ ಎಂಬ ಹಾಯಿಹಡಗುಗಳನ್ನು ದಡಕ್ಕೆಳೆದು ಮಡಲಿನ ಹೊದಿಕೆ ಹಾಕುತ್ತಿದ್ದರು. ನೂಲಹುಣ್ಣಿಮೆಯಂದು ಠಾಣೆ ಖಾಡಿಯ ಕೋಳಿ ಸಮುದಾಯದ ಬೆಸ್ತರು ಕಡಲಿಗೆ ತೆಂಗಿನಕಾಯಿ ಅರ್ಪಿಸುವುದೂ, ಅದೇ ಋತುವಿನಲ್ಲಿ ತುಳುನಾಡಿನ ಮೊಗವೀರರು ಸಮುದ್ರಪೂಜೆ ಮಾಡುವುದೂ ಮುಚ್ಚಿದ ಕಡಲನ್ನು ಮತ್ತೆ ತೆರೆಯುವ ಆಚರಣೆಗಳೇ.

ಕಡಲಿನ ಬಗೆಗಿನ ಈ ಎಚ್ಚರ ಮೂಢನಂಬಿಕೆಯಲ್ಲವೆಂಬುದಕ್ಕೆ ಉಗಿಹಡಗಿನ ಕಾಲವೇ ಸಾಕ್ಷ್ಯ ಒದಗಿಸಿತು. ಹಳೆಯ ಠಾಣೆ ಜಿಲ್ಲೆಯ ನದಿಯೊಂದರ ಹೆಸರು ಹೊತ್ತಿದ್ದ, ವಿದ್ಯುದ್ದೀಪಗಳ ಬೆಡಗಿನಿಂದ ವೀಜಳಿ ಎಂದೇ ಜನಪ್ರಿಯವಾಗಿದ್ದ ವೈತರಣಾ ಸ್ಟೀಮರು 1888ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟು ಸೌರಾಷ್ಟ್ರದ ಕಡಲಲ್ಲಿ ಚಂಡಮಾರುತಕ್ಕೆ ಸಿಕ್ಕಿ, 700ಕ್ಕೂ ಹೆಚ್ಚು ಜನರೊಂದಿಗೆ ಕಣ್ಮರೆಯಾಯಿತು. ಪುರಾಣದ ವೈತರಣಿಯನ್ನು ಬಲ್ಲ ಜನ ಆ ಹೆಸರನ್ನು ಹಡಗಿಗೆ ಹೇಗೆ ಒಪ್ಪಿಕೊಂಡರೋ ಆಶ್ಚರ್ಯ. 1947ರ ಜುಲೈ 17ರಂದು ಮುಂಬಯಿಯ ಭಾವೂಚಾ ಧಕ್ಕಾದಿಂದ ರೇವಸಿಗೆ ಹೊರಟ ರಾಮದಾಸ್ ಎಂಬ ದೋಣಿಸ್ಟೀಮರಿನದು ಇನ್ನೂ ಹತ್ತಿರದ ದುರಂತ. ಆಷಾಢದ ಅಮಾವಾಸ್ಯೆಯ ಹಬ್ಬಕ್ಕೆ ಊರಿಗೆ ಹೊರಟ ಜನರಿಂದ ತುಂಬಿದ್ದ, ಸುಮಾರು 400 ಟನ್ನಿನ ಆ ಹಡಗಿನ ಪಕ್ಕಕ್ಕೆ ದೊಡ್ಡ ಅಲೆಯೊಂದು ಬಡಿದಾಗ ಅಂಜಿದ ಜನ ಒಮ್ಮೆಗೇ ಇನ್ನೊಂದು ಪಕ್ಕಕ್ಕೆ ಸರಿದರು. ಭಾರವೆಲ್ಲ ಒಂದೇ ಕಡೆಗಾಗಿ ಹಡಗು ಮಗುಚಿ, 600ಕ್ಕೂ ಹೆಚ್ಚು ಮಂದಿ ಸತ್ತರು. ನಡುಗಡಲಿನ ಪ್ರಯಾಣವೂ ಅಲ್ಲದ, ಬಂದರಿನ ಬಾಯಿಯಲ್ಲಿನ ಒಂದೆರಡು ಗಂಟೆಯ ಓಡಾಟವದು.

ಹಾಗಾದರೆ ಅದೇ ಕಡಲು ಮೋಜಿನ ವಸ್ತುವಾದದ್ದು ಹೇಗೆಂಬ ಪ್ರಶ್ನೆಗೆ ಉತ್ತರ ಬಹುಪಾಲು ಹಡಗುಕಟ್ಟುವ ವಿದ್ಯೆಯಲ್ಲಿದೆ. ಹಡಗಿನ ತೂಗಾಟದಲ್ಲಿ ಎರಡು ಮುಖ್ಯ ಬಗೆ: ಎಡಕ್ಕೂ ಬಲಕ್ಕೂ ವಾಲುವುದು ಒಂದು, ಮುಂದಲೆ ಹಿಂದಲೆಗಳು ಏತದಂತೆ ಏರಿಳಿಯುವುದು ಇನ್ನೊಂದು. ಮೊದಲನೆಯದನ್ನು ಹಿಡಿತಕ್ಕೆ ತರಲು ಹಡಗಿನ ಹೊಟ್ಟೆಯ ಎರಡೂ ಪಕ್ಕಗಳಲ್ಲಿ ಮೀನಿನ ರೆಕ್ಕೆಯಂತೆ ಚಾಚಿಕೊಳ್ಳುವ ಲೋಹದ ಫಲಕಗಳನ್ನು 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಢಿಗೆ ತರಲಾಯಿತು; ವಾಲಿಕೆಯನ್ನು ಬುಗುರಿಯಂಥ ಗೈರೊಸ್ಕೋಪ್ ಗುರುತಿಸಿದೊಡನೆ ಫಲಕಗಳು ಎದುರು ದಿಕ್ಕಿಗೆ ಓರೆಯಾಗಿ ನೀರನ್ನೊತ್ತುತ್ತವೆ. 1950ರಲ್ಲಿ ಸೇವೆಗಿಳಿದ ಪಿ ಅಂಡ್ ಓ ಕಂಪನಿಯ ಚೂಸಾನ್ ಈ ಸಾಧನವನ್ನು ಹೊಂದಿದ್ದ ಮೊದಲ ದೊಡ್ಡ ಪ್ರಯಾಣಿಕ ಲೈನರುಗಳಲ್ಲೊಂದು, ಮತ್ತು ಅದು ಮುಂಬಯಿಯನ್ನು ಹಾಯ್ದು ದೂರಪ್ರಾಚ್ಯಕ್ಕೆ ಓಡಾಡುತ್ತಿದ್ದ ಹಡಗು. ಏತದ ಬಗೆಯ ತೂಗಾಟಕ್ಕೆ ಇಂಥ ಸುಲಭದ ಮದ್ದಿಲ್ಲ; ಅದಕ್ಕೇ ಅನುಭವಿಗಳು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯುತ್ತಾರೆ. ಒಳಗಿವಿಯ ದ್ರವ ಅಲುಗಾಟವನ್ನು ಸಾರುತ್ತಿರುವಾಗ ಕಣ್ಣು ಕದಲದ ಗೋಡೆಯನ್ನು ಕಾಣುವ ವಿರೋಧದಿಂದಲೇ ಕಡಲಿನ ಓಕರಿಕೆ ಹುಟ್ಟುವುದರಿಂದ, ಹೊರಗೆ ಬಂದು ದಿಗಂತವನ್ನು ನೋಡುವುದು ಅದಕ್ಕೆ ಹಳೆಯ, ಇಂದಿಗೂ ಸಲ್ಲುವ ಉಪಾಯ.

ಮುಂಬಯಿಯಿಂದ ಗೋವೆಗೆ ಓಡುತ್ತಿದ್ದ ಪ್ರಯಾಣಿಕ ಹಡಗುಗಳು ರಸ್ತೆ ಸುಧಾರಿಸಿದಂತೆ ನಿಂತುಹೋದವು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ಣಗೊಂಡು ದಿವಾ, ಪನವೇಲ್‌ಗಳ ದಾರಿಯಾಗಿ ಮಂಗಳೂರು ನೇರವಾಗಿ ಸಿಕ್ಕಿತು. ಆ ರೈಲುಗಳಲ್ಲೊಂದಕ್ಕೆ ದೋಣಿ ನಡೆಸುತ್ತಿದ್ದ ಬೆಸ್ತರ ಹುಡುಗಿಯಾದ ಮತ್ಸ್ಯಗಂಧೆಯ ಹೆಸರು ಬಂದಿರುವುದು ಸ್ಟೀಮರಿಗೆ ಸಂದ ಅರಿವಿಲ್ಲದ ನೆನಪಿನಂತಿದೆ. ಹೀಗೆ ಊರಿಗೆ ಹೋಗುವ ಕೆಲಸದಿಂದ ಕಡಲಿಗೆ ಬಿಡುಗಡೆ ಸಿಕ್ಕ ಮೇಲೆಯೇ ಅದು ವಿಹಾರಕ್ಕೆ ಒದಗಿದ್ದು. 2018ರ ಅಕ್ಟೋಬರಿನಲ್ಲಿ ಮುಂಬಯಿ–ಗೋವೆಯ ನಡುವೆ ಆಂಗ್ರಿಯಾ ಎಂಬ ವಿಹಾರದ ಹಡಗು ಹೊರಟಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಬಂತು. 1990ರಲ್ಲಿ ಸೇವೆಗಿಳಿದ, 211 ಮೀಟರ್ ಉದ್ದದ ಈ ಎರಡನೆಯ ಹಡಗನ್ನು ಮೂರು ನಾಲ್ಕು ರಾತ್ರಿಗಳ ಕಿರುವಿಹಾರಕ್ಕೆಂದೇ ರೂಪಿಸಲಾಗಿತ್ತು. ಅದರ ಒಳಗಾತ್ರವನ್ನು ಸೂಚಿಸುವ ಟನ್ನೇಜ್ 48,000ಕ್ಕೂ ಮೇಲೆ, ಎಂದರೆ ರಾಮದಾಸಿನ ನೂರು ಪಟ್ಟಿಗೂ ಹೆಚ್ಚು. ಮಚವೆಯನ್ನು ಆಳೆತ್ತರ ಎತ್ತಿಹಾಕುತ್ತಿದ್ದ ಅಲೆ ಇದರ ಊಟದ ಮನೆಯಲ್ಲಿ ಲೋಟದ ನೀರನ್ನು ತುಸು ಓರೆಯಾಗಿಸುತ್ತದೆ, ಅಷ್ಟೆ.

ಆದರೂ ಖಾಡಿಯ ಆಸರೆಯಾಗಲಿ ಮಳೆಗಾಲದ ಹಳೆಯ ಕಟ್ಟಳೆಯಾಗಲಿ ತೀರ ಅಳಿದಿಲ್ಲ. 2022ರ ಫೆಬ್ರವರಿ 17ರಂದು ಚಾಲನೆ ಪಡೆದ ನವಿ ಮುಂಬಯಿಯ ಬೇಲಾಪುರ ಧಕ್ಕೆಯ ಜಲಟ್ಯಾಕ್ಸಿಗಳ ಹಾದಿ ಮತ್ತೆ ಖಾಡಿಯ ಒಳನೀರಿನದೇ ಆಗಿತ್ತು. ಯಂತ್ರದ ಮೀನುದೋಣಿಗಳು ಇಂದಿಗೂ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಪಡುಗಡಲಿಗೆ ಇಳಿಯುವಂತಿಲ್ಲ. ಅದೇ 2022ರ ಜೂನ್ ತಿಂಗಳಲ್ಲಿ, ಮುಂಗಾರು ಕೊಂಕಣವನ್ನು ಮುಟ್ಟುವ ಹೊತ್ತಿಗೆ, ಎಂಪ್ರೆಸ್ ಕೂಡ ಪಡುಗಡಲನ್ನು ಬಿಟ್ಟು ಚೆನ್ನೈಗೆ ಹೋಗಿ ಅಲ್ಲಿಂದ ವಿಶಾಖಪಟ್ಟಣ, ಪುದುಚೇರಿಗಳ ಕಡೆಗೆ ತನ್ನ ವಿಹಾರಗಳನ್ನು ನಡೆಸಿತು.