ಒಡೆಯರೇ ಬಳಕೆದಾರರಾದಾಗ: ಕವಾಯಿ ದ್ವೀಪದ ವಿದ್ಯುತ್ ಸಹಕಾರ ಸಂಘ, ಅದರ ನೌಕರರು ಮತ್ತು ಊರಿನ ಪಾಲುದಾರಿಕೆ

ವಿದ್ಯುತ್ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ‘ಸಮುದಾಯ ಸಹಭಾಗಿತ್ವ’ ಎಂಬ ತಲೆಬರಹದಡಿ ಬರುವ ಸಂಗತಿಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರನವು. ನೌಕರರು ರಜೆಯ ದಿನ ಸಸಿ ನೆಟ್ಟರು, ರಕ್ತ ಕೊಟ್ಟರು, ಶಾಲೆಯ ಮಕ್ಕಳಿಗೆ ಸುರಕ್ಷತೆಯ ಪಾಠ ಹೇಳಿದರು. ಪಕ್ಕದಲ್ಲೊಂದು ಗುಂಪು ಫೋಟೊ. ಇವು ಒಳ್ಳೆಯ ಕೆಲಸಗಳೇ. ಆದರೆ ಇವುಗಳನ್ನು ಮಾತ್ರ ಆಧಾರವಾಗಿಟ್ಟುಕೊಂಡು ಒಂದು ಸಂಸ್ಥೆಗೂ ಊರಿಗೂ ಇರುವ ನಂಟನ್ನು ಅಳೆಯಲು ಹೊರಟ ಸಂಶೋಧಕನಿಗೆ ಸಿಗುವುದು ಸಂಸ್ಥೆ ತನ್ನ ಬಗ್ಗೆ ತಾನು ಬರೆದುಕೊಂಡ ಚಿತ್ರ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿರುವ ಕವಾಯಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಲೇಖನ ಮಂಡಿಸುವ ವಾದ ಬೇರೆ. ಅಲ್ಲಿ ಊರಿನ ಪಾಲುದಾರಿಕೆ ಕಾಣಿಸಿಕೊಂಡದ್ದು ದಾನಧರ್ಮಕ್ಕಿಂತ ಹೆಚ್ಚಾಗಿ ತಕರಾರಿನಲ್ಲಿ: ಅರ್ಜಿ, ಮತದಾನ, ಮೊಕದ್ದಮೆಗಳಲ್ಲಿ. ಆ ತಕರಾರಿನ ನಡುವೆ ನಿಂತು ಕೆಲಸ ಮಾಡಿದವರು ಸಂಘದ ನೌಕರರು.

ಕವಾಯಿಯ ವಿಸ್ತೀರ್ಣ ಸುಮಾರು 1,430 ಚದರ ಕಿಲೋಮೀಟರ್, ಜನಸಂಖ್ಯೆ 73,000ದ ಆಸುಪಾಸು. ಹವಾಯಿಯ ದ್ವೀಪಗಳ ನಡುವೆ ಕಡಲಡಿಯ ವಿದ್ಯುತ್ ಕೇಬಲ್ ಇಲ್ಲ. ಪ್ರತಿ ದ್ವೀಪದ ಜಾಲವೂ ಒಂಟಿ. ನಮ್ಮ ದಕ್ಷಿಣ ರಾಜ್ಯಗಳಂತೆ ಕೊರತೆ ಬಿದ್ದಾಗ ನೆರೆಯ ಜಾಲದಿಂದ ಎಳೆದುಕೊಳ್ಳುವ ಅನುಕೂಲ ಅಲ್ಲಿಲ್ಲ. ಬೇಕಾದ ಪ್ರತಿ ಯೂನಿಟ್ಟನ್ನೂ ಅಲ್ಲೇ, ಆ ಗಳಿಗೆಯಲ್ಲೇ ಹುಟ್ಟಿಸಬೇಕು. ದ್ವೀಪದ ವಿದ್ಯುತ್ತಿನ ಚರಿತ್ರೆ ಕಬ್ಬಿನ ಗದ್ದೆಗಳಲ್ಲಿ ಮೊದಲಾಗುತ್ತದೆ. ಮ್ಯಾಕ್‌ಬ್ರೈಡ್ ಸಕ್ಕರೆ ಕಂಪನಿ ನೀರಾವರಿ ಪಂಪುಗಳಿಗಾಗಿ ವೈನಿಹಾ ಕಣಿವೆಯಲ್ಲಿ ಜಲವಿದ್ಯುತ್ ಘಟಕ ಕಟ್ಟಿದ್ದು 1906ರಲ್ಲಿ, ಎಂದರೆ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹರಿದ ನಾಲ್ಕು ವರ್ಷಕ್ಕೆ. ಎರಡೂ ಕಡೆ ಕರೆಂಟು ಮೊದಲು ತಲುಪಿದ್ದು ಉದ್ಯಮಕ್ಕೆ, ಮನೆಗಳಿಗೆ ಆಮೇಲೆ. 1969ರಲ್ಲಿ ಕವಾಯಿ ಎಲೆಕ್ಟ್ರಿಕ್ ಎಂಬ ಈ ವ್ಯವಸ್ಥೆ ಅಮೆರಿಕದ ಇನ್ನೊಂದು ತುದಿಯ ಕನೆಟಿಕಟ್‌ನಲ್ಲಿ ಕಚೇರಿಯಿದ್ದ ಸಿಟಿಜನ್ಸ್ ಎಂಬ ಕಂಪನಿಯ ಪಾಲಾಯಿತು.

1992ರ ಸೆಪ್ಟೆಂಬರ್ 11ರಂದು ಇನಿಕಿ ಚಂಡಮಾರುತ ಕವಾಯಿಯ ಮೇಲೆ ನೇರವಾಗಿ ಹಾದುಹೋಯಿತು. ಅದು ನಾಲ್ಕನೆಯ ದರ್ಜೆಯದು, ಗಂಟೆಗೆ 200 ಕಿಲೋಮೀಟರ್ ಮೀರಿದ ಗಾಳಿ. ಸಾವಿರಾರು ಮನೆಗಳು ಹಾಳಾದವು, ಕಂಬಗಳು ಸಾಲುಸಾಲಾಗಿ ನೆಲಕಚ್ಚಿದವು. ಕೆಲವು ಊರುಗಳಿಗೆ ಕರೆಂಟು ಮರಳಿ ಬರಲು ತಿಂಗಳುಗಟ್ಟಲೆ ಹಿಡಿಯಿತು. ಹತ್ತೇ ವರ್ಷ ಹಿಂದೆ, 1982ರಲ್ಲಿ, ಇವಾ ಎಂಬ ಇನ್ನೊಂದು ಚಂಡಮಾರುತ ಇದೇ ಪಾಠ ಕಲಿಸಿತ್ತು. ಇಂಥ ಹೊತ್ತಿನಲ್ಲಿ ದ್ವೀಪದ ಲೈನ್‌ಮನ್‌ನ ಪಾಡನ್ನು ಗಮನಿಸಬೇಕು. ಅವನ ಮನೆಯ ಮಾಡೂ ಹಾರಿಹೋಗಿರುತ್ತದೆ. ಆದರೂ ಅವನು ಬೇರೆಯವರ ಬೀದಿಯ ಕಂಬ ಹತ್ತಬೇಕು. ಮಹಾನಗರದ ಕಂಪನಿಯ ನೌಕರ ಕತ್ತಲಾದ ಬಡಾವಣೆಗೆ ಹೊರಗಿನವನಾಗಿ ಬಂದು ಹೋಗಬಹುದು. ಇಲ್ಲಿ ಹಾಗಾಗದು: ಯಾರ ಬೀದಿ ಮೊದಲು, ಯಾರದು ಆಮೇಲೆ ಎಂಬ ಪ್ರಶ್ನೆಗೆ ಅಂಗಡಿಯಲ್ಲಿ, ಚರ್ಚಿನಲ್ಲಿ, ಮಕ್ಕಳ ಶಾಲೆಯ ಗೇಟಿನಲ್ಲಿ ಅವನೇ ಉತ್ತರ ಕೊಡಬೇಕು. ಮಾಲೀಕತ್ವ ಊರಿನವರ ಕೈಗೆ ಬರುವ ಮೊದಲೇ ಉತ್ತರದಾಯಿತ್ವ ಊರಿನವರ ಹೆಗಲ ಮೇಲಿತ್ತು.

1990ರ ದಶಕದ ಕೊನೆಗೆ ಸಿಟಿಜನ್ಸ್ ಕಂಪನಿ ದೂರಸಂಪರ್ಕದ ವ್ಯವಹಾರಕ್ಕೆ ಮನಸ್ಸು ಕೊಟ್ಟು, ವಿದ್ಯುತ್ ಸಂಸ್ಥೆಗಳನ್ನು ಮಾರಲು ಮುಂದಾಯಿತು. ದ್ವೀಪದ ಕೆಲವರು ಸೇರಿ ಅದನ್ನು ಸಹಕಾರ ಸಂಘವಾಗಿ ಕೊಳ್ಳುವ ಪ್ರಸ್ತಾಪ ಇಟ್ಟರು. ಮೊದಲು ಒಪ್ಪಿದ ಬೆಲೆ ಸುಮಾರು 27 ಕೋಟಿ ಡಾಲರ್. ರಾಜ್ಯದ ನಿಯಂತ್ರಣ ಆಯೋಗ ಅದು ದುಬಾರಿಯಾಯಿತೆಂದು 2000ದಲ್ಲಿ ತಳ್ಳಿಹಾಕಿತು. ಮತ್ತೆ ಚೌಕಾಸಿ ನಡೆದು, 21.5 ಕೋಟಿ ಡಾಲರಿಗೆ ವ್ಯವಹಾರ ಕುದುರಿ, 2002ರ ನವೆಂಬರ್ 1ರಂದು ಕವಾಯಿ ಐಲ್ಯಾಂಡ್ ಯುಟಿಲಿಟಿ ಕೋಆಪರೇಟಿವ್ ಕೆಲಸ ಆರಂಭಿಸಿತು. ಆಯೋಗದ ನಿರಾಕರಣೆಯಿಂದ ದ್ವೀಪದವರಿಗೆ ಐದೂವರೆ ಕೋಟಿ ಡಾಲರ್ ಸಾಲ ಉಳಿಯಿತು. ಸಹಕಾರದ ಉತ್ಸಾಹಿಗಳು ಹೇಳುವ ಕತೆಯಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ಊರಿನವರು ಕೊಳ್ಳುತ್ತಿದ್ದಾರೆ ಎಂದ ಮಾತ್ರಕ್ಕೆ ಬೆಲೆ ಸರಿಯಾದದ್ದು ಆಗಿಬಿಡುವುದಿಲ್ಲ. ಹೊರಗಿನ ನಿಯಂತ್ರಕನ ಕಣ್ಣು ಇಲ್ಲಿ ಊರಿನ ಪರವಾಗಿಯೇ ಕೆಲಸ ಮಾಡಿತು.

ಸಂಘದ ರಚನೆ ಸರಳ. ಮೀಟರ್ ಇದ್ದವರೆಲ್ಲ ಸದಸ್ಯರು, ಒಬ್ಬ ಸದಸ್ಯನಿಗೆ ಒಂದು ಮತ. ಒಂಬತ್ತು ಜನರ ಆಡಳಿತ ಮಂಡಳಿಯಲ್ಲಿ ಪ್ರತಿವರ್ಷ ಮೂರು ಸ್ಥಾನಗಳಿಗೆ ಚುನಾವಣೆ. ಮಿಕ್ಕ ಹಣ ಬಳಕೆಯ ಪ್ರಮಾಣದಲ್ಲಿ ಸದಸ್ಯರ ಖಾತೆಗೆ ಜಮೆಯಾಗಿ ಕಾಲಕ್ರಮದಲ್ಲಿ ಮರಳುತ್ತದೆ. ಹಳೆಯ ಕಂಪನಿಯ ನೌಕರರೇ ಹೊಸ ಸಂಘದಲ್ಲಿ ಮುಂದುವರಿದರು. ಅವರನ್ನು ಪ್ರತಿನಿಧಿಸುವುದು ಹವಾಯಿಯ ವಿದ್ಯುತ್ ಕಾರ್ಮಿಕರ ಸಂಘಟನೆಯಾದ ‘ಐಬಿಇಡಬ್ಲ್ಯು ಲೋಕಲ್ 1260’. ಇಲ್ಲೊಂದು ವಿಚಿತ್ರ ಸ್ಥಿತಿ ಹುಟ್ಟಿತು. ಮನೆಗೆ ಹೋದರೆ ನೌಕರ ಬಿಲ್ಲು ಕಟ್ಟುವ ಗ್ರಾಹಕ, ಚುನಾವಣೆಯಲ್ಲಿ ಮತ ಹಾಕುವ ಒಡೆಯ, ಕೆಲಸದಲ್ಲಿ ಸಂಬಳದ ಆಳು. ಸಂಬಳ ಹೆಚ್ಚಿಸಿರೆಂದು ಅವನ ಸಂಘಟನೆ ಕೇಳುವುದು ಯಾರನ್ನು? ನೆರೆಹೊರೆಯವರು ಆರಿಸಿದ ಮಂಡಳಿಯನ್ನು. ಕಾರ್ಮಿಕ–ಮಾಲೀಕ ಎಂಬ ಹಳೆಯ ಗೆರೆ ಅಳಿಸಿಹೋಗದಿದ್ದರೂ ಅದು ಒಂದೇ ಮನೆಯ ಊಟದ ಮೇಜಿನ ಮೇಲೆ ಹಾದುಹೋಗತೊಡಗಿತು.

ಮೊದಲ ದೊಡ್ಡ ತಕರಾರು ನೀರಿನದು. 2011ರಲ್ಲಿ ಸಂಘ ಬಾಸ್ಟನ್ನಿನ ಫ್ರೀ ಫ್ಲೋ ಪವರ್ ಎಂಬ ಕಂಪನಿಯ ಜೊತೆ ಸೇರಿ, ದ್ವೀಪದ ನದಿಗಳಲ್ಲಿ ಜಲವಿದ್ಯುತ್ ಸಾಧ್ಯತೆ ನೋಡಲು ಕೇಂದ್ರ ಸರ್ಕಾರದ ಆಯೋಗದಿಂದ ಪೂರ್ವಾನುಮತಿ ಪಡೆಯುವ ಹಾದಿ ಹಿಡಿಯಿತು. ಹವಾಯಿಯಲ್ಲಿ ನೀರು ಸಾರ್ವಜನಿಕರ ಪರವಾಗಿ ರಾಜ್ಯ ಕಾಯುವ ಸ್ವತ್ತು. ಅದರ ಹಿಂದೆ ಮೂಲನಿವಾಸಿಗಳ ಕೆಸುವಿನ ಗದ್ದೆಗಳ ಹಕ್ಕಿನ ದೀರ್ಘ ಚರಿತ್ರೆಯಿದೆ. ಕೇಂದ್ರದ ಹಾದಿ ಹಿಡಿದರೆ ರಾಜ್ಯದ ನೀರಿನ ಕಾನೂನು ಮೂಲೆಗುಂಪಾಗುತ್ತದೆಂಬ ಭಯ ಹರಡಿತು. ಸದಸ್ಯರು ಸಹಿ ಸಂಗ್ರಹಿಸಿ ವಿಷಯವನ್ನು ಮತಕ್ಕೆ ಹಾಕಿಸಿದರು. ಬಹುಮತ ಮಂಡಳಿಯ ಪರ ಬಂತು. ಆದರೂ ಮುಂದಿನ ವರ್ಷಗಳಲ್ಲಿ ಆ ಯೋಜನೆಗಳಲ್ಲಿ ಹಲವನ್ನು ಸಂಘ ಕೈಬಿಟ್ಟಿತು. ಎರಡನೆಯದು ಸ್ಮಾರ್ಟ್ ಮೀಟರಿನದು. ಹೊಸ ಮೀಟರ್ ಬೇಡವೆಂದವರಿಂದ ಹೆಚ್ಚುವರಿ ಶುಲ್ಕ ತೆಗೆದುಕೊಳ್ಳುವುದು ಸರಿಯೇ ಎಂಬ ಪ್ರಶ್ನೆ 2014ರ ಜನವರಿಯಲ್ಲಿ ಮತಪೆಟ್ಟಿಗೆಗೆ ಹೋಯಿತು. ಸುಮಾರು ಮುಕ್ಕಾಲು ಪಾಲು ಮತ ಶುಲ್ಕದ ಪರ ಬಿತ್ತು. ವಿರೋಧಿಗಳು ಸೋತರು, ಆದರೆ ಖಾಸಗಿ ಕಂಪನಿಯೊಂದರಲ್ಲಿ ಅವರಿಗೆ ಸೋಲುವ ಅವಕಾಶವೂ ಸಿಗುತ್ತಿರಲಿಲ್ಲ.

ಇವೆರಡಕ್ಕಿಂತ ಆಳವಾದದ್ದು ಹಕ್ಕಿಯ ಪ್ರಕರಣ. ನ್ಯೂಯೆಲ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಒಟ್ಟು ಸಂತತಿಯ ಬಹುಪಾಲು ಗೂಡುಕಟ್ಟುವುದು ಕವಾಯಿಯ ಬೆಟ್ಟಗಳ ಬಿಲಗಳಲ್ಲಿ. ದೊಡ್ಡ ಹಕ್ಕಿಗಳು ರಾತ್ರಿ ಹೊತ್ತು ಕಡಲಿಗೂ ಬೆಟ್ಟಕ್ಕೂ ಹಾರಾಡುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ಮರಿಗಳದು ಇನ್ನೊಂದು ಗೋಳು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಅವು ಮೊದಲ ಬಾರಿ ಬಿಲ ಬಿಟ್ಟು ಕತ್ತಲಲ್ಲಿ ಕಡಲಿನತ್ತ ಹೊರಡುತ್ತವೆ. ಬೀದಿದೀಪ, ಕ್ರೀಡಾಂಗಣದ ದೀಪಗಳಿಗೆ ಕಂಗೆಟ್ಟು ಸುತ್ತಿ ಸುತ್ತಿ ನೆಲಕ್ಕೆ ಬೀಳುತ್ತವೆ. ಬಿದ್ದ ಮರಿ ತಾನಾಗಿ ಮೇಲೇಳುವುದು ಕಷ್ಟ. 1979ರಲ್ಲಿ ರಾಜ್ಯ ಸರ್ಕಾರ ‘ಸೇವ್ ಅವರ್ ಶಿಯರ್‌ವಾಟರ್ಸ್’ ಎಂಬ ರಕ್ಷಣಾ ಕಾರ್ಯಕ್ರಮ ಶುರುಮಾಡಿತು. ಬಿದ್ದ ಮರಿಯನ್ನು ಊರಿನವರು ಎತ್ತಿ ಅಗ್ನಿಶಾಮಕ ಠಾಣೆಯಂಥ ಕಡೆ ಇಟ್ಟ ಪೆಟ್ಟಿಗೆಗೆ ತಂದು ಬಿಡುತ್ತಾರೆ. ತಪಾಸಣೆಯ ಬಳಿಕ ಹಕ್ಕಿ ಕಡಲಿಗೆ ಮರಳುತ್ತದೆ. ಹೀಗೆ ಉಳಿದವು 30,000ಕ್ಕೂ ಹೆಚ್ಚು. ಈ ಕಾರ್ಯಕ್ರಮದ ಖರ್ಚಿನ ದೊಡ್ಡ ಪಾಲನ್ನು ವರ್ಷಾನುಗಟ್ಟಲೆ ಹೊತ್ತದ್ದು ವಿದ್ಯುತ್ ಸಂಘ.

ವಾರ್ಷಿಕ ವರದಿಯ ಭಾಷೆಯಲ್ಲಿ ಇದು ‘ಸಮುದಾಯ ಸಹಭಾಗಿತ್ವ’ದ ಚಂದದ ಮಾದರಿ. ಆದರೆ 2010ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇದೇ ಸಂಘದ ಮೇಲೆ, ಇದೇ ಹಕ್ಕಿಗಳ ಸಾವಿಗಾಗಿ, ಕ್ರಿಮಿನಲ್ ಮೊಕದ್ದಮೆ ಹೂಡಿತು. ಡಿಸೆಂಬರಿನಲ್ಲಿ ಸಂಘ ತಪ್ಪೊಪ್ಪಿಕೊಂಡಿತು. ಅದೇ ವರ್ಷ ಶಾಲೆಗಳ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯಗಳು ಹಗಲಿಗೆ ವರ್ಗವಾದವು. ದ್ವೀಪದ ಜಾತ್ರೆಯಂತಿದ್ದ ಆ ಸಂಜೆಗಳು ಹೋದದ್ದಕ್ಕೆ ಜನರ ಸಿಟ್ಟು ಹಕ್ಕಿಗಳ ಮೇಲೂ ತಿರುಗಿತು. 1993ರಿಂದ 2013ರವರೆಗೆ ಈ ಹಕ್ಕಿಯ ಸಂಖ್ಯೆ ಶೇ. 94ರಷ್ಟು ಕುಸಿದಿದೆ ಎಂದು ರೇಡಾರ್ ಎಣಿಕೆ ತೋರಿಸಿದೆ. ಬಿದ್ದ ಮರಿಗಳನ್ನು ಎತ್ತುವುದರ ಜೊತೆಗೆ ಬೀಳಿಸುವ ತಂತಿಯನ್ನೇ ಬದಲಿಸದೆ ಗತಿಯಿರಲಿಲ್ಲ. ಸಿಡಿಲಿನಿಂದ ಕಾಯಲು ಕಂಬದ ತುದಿಯಲ್ಲಿ ಎಳೆದಿದ್ದ ತಂತಿಯನ್ನು ಹಲವೆಡೆ ತೆಗೆಯಲಾಯಿತು, ತಂತಿಗಳಿಗೆ ಹೊಳೆಯುವ ಎಚ್ಚರಿಕೆ ಸಾಧನಗಳನ್ನು ತೂಗುಹಾಕಲಾಯಿತು, ಬೀದಿದೀಪಗಳಿಗೆ ಮೇಲಿನಿಂದ ಮರೆ ಬಂತು. ನನ್ನ ದೃಷ್ಟಿಯಲ್ಲಿ ನೌಕರರ ಸಮುದಾಯ ಸೇವೆಯೆಂದರೆ ಇದೇ. ಅದು ಭಾನುವಾರದ ಹೆಚ್ಚುವರಿ ಕೆಲಸವಾಗಿರದೆ ದಿನಗೆಲಸದ ವಿಧಾನವನ್ನೇ ಬದಲಿಸಿತು. ದಾನದಿಂದ ಬಗೆಹರಿಯದ್ದನ್ನು ಕೋರ್ಟು ಮತ್ತು ಕಸುಬು ಸೇರಿ ಒಂದಿಷ್ಟು ಬಗೆಹರಿಸಿದವು.

ಸೌರಶಕ್ತಿಯ ಕತೆ ಹೆಚ್ಚು ಪರಿಚಿತ, ಹಾಗಾಗಿ ಸಂಕ್ಷೇಪವಾಗಿ ಹೇಳಬಹುದು. ಸಂಘ ಕೈಗೆತ್ತಿಕೊಂಡಾಗ ದ್ವೀಪದ ವಿದ್ಯುತ್ತು ಬಹುಪಾಲು ಹಡಗಿನಲ್ಲಿ ಬರುವ ತೈಲದಿಂದ ಹುಟ್ಟುತ್ತಿತ್ತು. 2017ರಲ್ಲಿ ಕಪಾಯಿಯಾದಲ್ಲಿ 13 ಮೆಗಾವ್ಯಾಟ್ ಸೌರಘಟಕಕ್ಕೆ 52 ಮೆಗಾವ್ಯಾಟ್-ಅವರ್ ಬ್ಯಾಟರಿ ಜೋಡಿಸಲಾಯಿತು. ಬಳಿಕ ಲಾವಾಯಿಯಲ್ಲಿ ಅದಕ್ಕಿಂತ ದೊಡ್ಡದು. 2019ರ ಕೊನೆಯ ಹೊತ್ತಿಗೆ ಕೆಲವು ಹಗಲುಗಳಲ್ಲಿ ಗಂಟೆಗಟ್ಟಲೆ ಇಡೀ ದ್ವೀಪ ನವೀಕರಿಸಬಹುದಾದ ಮೂಲಗಳಿಂದಲೇ ನಡೆಯಿತು. ಇದರಲ್ಲಿ ಕಡಿಮೆ ಚರ್ಚೆಯಾದದ್ದು ನಿಯಂತ್ರಣ ಕೊಠಡಿಯ ಕಸುಬು. 2021ರ ನವೆಂಬರ್ 21ರ ನಸುಕಿನಲ್ಲಿ ದ್ವೀಪದ ಅತಿದೊಡ್ಡ ಉತ್ಪಾದನಾ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಬ್ಯಾಟರಿಗಳು ಕೂಡಲೇ ಭಾರ ಹೊತ್ತವು, ಜಾಲ ಕುಸಿಯಲಿಲ್ಲ. ಆದರೆ ಸೆಕೆಂಡಿಗೆ 18ರಿಂದ 20 ಬಾರಿ ಓಲಾಡುವ ವಿಚಿತ್ರ ಕಂಪನ ಕಾಣಿಸಿಕೊಂಡಿತು. ಸಂಘದ ಎಂಜಿನಿಯರುಗಳು ರಾಷ್ಟ್ರೀಯ ಪ್ರಯೋಗಾಲಯದ ತಜ್ಞರ ಜೊತೆ ಕೂತು ಅದರ ಮೂಲವನ್ನು ಇನ್ವರ್ಟರುಗಳ ನಿಯಂತ್ರಣ ವಿಧಾನದಲ್ಲಿ ಪತ್ತೆಹಚ್ಚಿದರು. ಇಂದು ಜಗತ್ತಿನ ದೊಡ್ಡ ಜಾಲಗಳು ಓದುತ್ತಿರುವ ಪಾಠ ಈ ಪುಟ್ಟ ದ್ವೀಪದಲ್ಲಿ ಸಿಕ್ಕಿದ್ದು.

ಹಾಗೆಂದು ಇದು ಆದರ್ಶ ಗಣರಾಜ್ಯವಲ್ಲ. ಮಂಡಳಿಯ ಚುನಾವಣೆಯಲ್ಲಿ ಬಹುಪಾಲು ಸದಸ್ಯರು ಮತ ಹಾಕುವುದಿಲ್ಲ. ಜಗಳ ಬಂದಾಗ ಮಾತ್ರ ಸಂಘ ತಮ್ಮದೆಂದು ನೆನಪಾಗುತ್ತದೆ. ಅಪಾಯವೂ ಒಡೆತನದ ಜೊತೆಗೇ ಬಂದಿದೆ. 2023ರ ಆಗಸ್ಟಿನಲ್ಲಿ ಮಾವಿ ದ್ವೀಪದ ಲಹೈನಾ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿನ ವಿದ್ಯುತ್ ಕಂಪನಿಯ ಷೇರುದಾರರ ಹಣ ಕರಗಿತು. ಅಂಥದ್ದು ಕವಾಯಿಯಲ್ಲಿ ನಡೆದರೆ ಹೊರೆ ಹೊರಲು ಷೇರುದಾರರಿಲ್ಲ. ನಷ್ಟವಾದವರೂ ಪರಿಹಾರ ಕಟ್ಟಬೇಕಾದವರೂ ಅದೇ ಜನ.

ಕರ್ನಾಟಕದ ಓದುಗರಿಗೆ ಇದು ಪೂರ್ತಿ ಪರದೇಶದ ಕತೆಯಲ್ಲ. ಕವಾಯಿ ಸಂಘ ಖರೀದಿಗೆ ಸಾಲ ಪಡೆದದ್ದು ರೂಸ್‌ವೆಲ್ಟ್ ಕಾಲದ ಗ್ರಾಮೀಣ ವಿದ್ಯುದೀಕರಣ ಆಡಳಿತದ ಉತ್ತರಾಧಿಕಾರಿ ಸಂಸ್ಥೆಯಿಂದಲೂ ಸಹಕಾರಿಗಳದೇ ಹಣಕಾಸು ಸಂಸ್ಥೆಯಿಂದಲೂ. ಆ ಅಮೆರಿಕನ್ ಗ್ರಾಮೀಣ ವಿದ್ಯುತ್ ಸಹಕಾರಿಗಳ ರಾಷ್ಟ್ರೀಯ ಒಕ್ಕೂಟವೇ 1960ರ ದಶಕದಲ್ಲಿ ಭಾರತಕ್ಕೆ ತಜ್ಞರನ್ನು ಕಳಿಸಿತ್ತು. 1969ರಲ್ಲಿ, ಕವಾಯಿ ಎಲೆಕ್ಟ್ರಿಕ್ ಹೊರಗಿನ ಕಂಪನಿಯ ಕೈಸೇರಿದ ವರ್ಷವೇ, ಇಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಪ್ರಯೋಗಕ್ಕೆಂದು ಆರಿಸಿದ ಐದು ಸಂಘಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯೂ ಒಂದು. ಆ ಐದರಲ್ಲೇ ಇನ್ನೊಂದಾದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ 2011ರಲ್ಲಿ ಪರವಾನಗಿ ಕಳೆದುಕೊಂಡಿತು. ಹುಕ್ಕೇರಿಯದು ಇಂದಿಗೂ ರಾಜ್ಯದ ಏಕೈಕ ಗ್ರಾಮೀಣ ವಿದ್ಯುತ್ ಸಹಕಾರಿಯಾಗಿ ವಿದ್ಯುತ್ ಹಂಚುತ್ತಿದೆ. ಅದರ ಚುನಾವಣೆ ಬಂದರೆ ಪತ್ರಿಕೆಗಳು ಬರೆಯುವುದು ರಾಜಕೀಯ ಮನೆತನಗಳ ಪೈಪೋಟಿಯನ್ನು. ಅಲ್ಲಿ ಕಂಬ ಹತ್ತಿದವರು, ಬಿಲ್ಲು ಹಂಚಿದವರು, ಪಂಪ್‌ಸೆಟ್ಟಿನ ರೈತನ ಬೈಗುಳ ಕೇಳಿದವರು ತಾವೂ ಸದಸ್ಯರಾಗಿ ಆ ಸಂಘವನ್ನು ಹೇಗೆ ಕಂಡರು ಎಂಬುದು ಬರೆಯಬೇಕಾದ ಚರಿತ್ರೆ. ಸಂಘದ ಮಹಾಸಭೆಗಳ ನಡವಳಿ ಪುಸ್ತಕಗಳನ್ನು ಓದಿ, ನಿವೃತ್ತ ಲೈನ್‌ಮನ್‌ಗಳ ಮಾತನ್ನು ಅವರು ನಮ್ಮೊಡನಿರುವಾಗಲೇ ದಾಖಲಿಸುವ ಕೆಲಸವನ್ನು ಬೆಳಗಾವಿ, ಧಾರವಾಡದ ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.