ಹಲ್ಲುಗಳ ಲೆಕ್ಕ: ಹಳೆಯ ಜೀಪಿನ ಹಿಂದಿನ ಆಕ್ಸಲ್ ಹೇಳುವ ಇತಿಹಾಸ



ಇತಿಹಾಸವೆಂದರೆ ಶಾಸನ, ತಾಳೆಗರಿ, ಕೋಟೆ ಕೊತ್ತಲ ಎಂದು ನಾವು ಭಾವಿಸುತ್ತೇವೆ. ಗ್ರೀಸು ಮೆತ್ತಿದ ಉಕ್ಕಿನ ಚಕ್ರವೊಂದನ್ನೂ ಶಾಸನದಂತೆ ಓದಬಹುದೆಂದು ನನಗೆ ತಿಳಿದದ್ದು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ.

ಕೆಲವು ವರ್ಷಗಳ ಹಿಂದೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಚಿತ್ರೀಕರಣಕ್ಕೆಂದು ನಮ್ಮ ತಂಡ ಹೋಗಿತ್ತು. ಸುತ್ತಲೂ ಭದ್ರಾ ನಾಲೆಯ ನೀರುಣ್ಣುವ ಭತ್ತದ ಗದ್ದೆಗಳು. ಕ್ಯಾಮೆರಾ ಸಾಮಾನು ಸಾಗಿಸಲು ರೈತರೊಬ್ಬರು ತಮ್ಮ ತಂದೆಯ ಕಾಲದ ಜೀಪನ್ನು ಕೊಟ್ಟರು. ನಾಲೆಯ ಏರಿಯ ಮೇಲೆ ಕೆಸರಿನಲ್ಲಿ ಚಕ್ರ ಹೂತಾಗ ಚಾಲಕ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಗೇರು ಹಾಕಿದ. ಜೀಪು ಸಲೀಸಾಗಿ ಮೇಲೆದ್ದು ಬಂತು. ಆದರೆ ಡಾಂಬರು ರಸ್ತೆಗೆ ಬಂದ ಮೇಲೆ ಆ ಗೇರನ್ನು ತೆಗೆಯಲು ಆತ ಮರೆತ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ‘ಫಟ್’ ಎಂದು ಸದ್ದಾಯಿತು. ಜೀಪು ನಿಂತಿತು.

ಹತ್ತಿರದ ಊರಿನಿಂದ ಬಂದ ಹಿರಿಯ ಮೆಕ್ಯಾನಿಕ್ ಹಿಂದಿನ ಆಕ್ಸಲ್ಲಿನ ಮುಚ್ಚಳ ಬಿಚ್ಚಿ, ಮುರಿದ ಹಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದರು. ಆಮೇಲೆ ಕ್ರೌನ್ ಚಕ್ರದ ಹಲ್ಲುಗಳನ್ನು ಎಣಿಸಿದರು. ಮುಂದಿನದನ್ನೂ ಎಣಿಸಿ ಹೇಳಿದರು: “ಮುಂದಿಂದು ನಲವತ್ಮೂರು–ಎಂಟು, ಹಿಂದಿಂದು ಮೂವತ್ತೊಂಬತ್ತು–ಎಂಟು. ಒಂದಕ್ಕೊಂದು ಹೊಂದಂಗಿಲ್ಲ ಸಾರ್. ಯಾರೋ ಗುಜರಿಯಿಂದ ತಂದು ಕೂರ್ಸ್ಯಾರೆ.” ಮಾಲೀಕರಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಯಾವುದೋ ಗ್ಯಾರೇಜಿನವರು “ಗಟ್ಟಿ ಮಾಲು” ಎಂದು ಹೇಳಿ ಹಾಕಿಕೊಟ್ಟಿದ್ದ ಆಕ್ಸಲ್ ಅದು.

ಈ ಎರಡು ಲೆಕ್ಕಗಳ ಅರ್ಥವೇನು? ಮೊದಲು ಆ ಯಂತ್ರವನ್ನು ತಿಳಿಯೋಣ.

ಕಣದಲ್ಲಿ ಹಂತಿ ಹೊಡೆಯುವುದನ್ನು ನಿಮ್ಮ ಅಜ್ಜ ಅಜ್ಜಿಯರು ಕಂಡಿರುತ್ತಾರೆ. ಮೇಟಿಯ ಪಕ್ಕದ ಎತ್ತು ನಿಧಾನವಾಗಿ ಹೆಜ್ಜೆ ಹಾಕಿದರೆ, ಹೊರಗಿನ ಎತ್ತು ಅಷ್ಟೇ ಹೊತ್ತಿನಲ್ಲಿ ದೊಡ್ಡ ಸುತ್ತು ಸುತ್ತಬೇಕು. ವಾಹನ ತಿರುಗುವಾಗಲೂ ಹೀಗೆಯೇ. ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಎತ್ತಿನ ಗಾಡಿಯಲ್ಲಿ ಒಂದೊಂದು ಚಕ್ರವೂ ಅಚ್ಚಿನ ಮೇಲೆ ಬೇರೆಯಾಗಿಯೇ ಉರುಳುವುದರಿಂದ ತೊಂದರೆಯಿಲ್ಲ. ಎಂಜಿನ್ನು ತಿರುಗಿಸುವ ಚಕ್ರಗಳಿಗೆ ಮಾತ್ರ ಒಂದು ಉಪಾಯ ಬೇಕಾಯಿತು. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಅದನ್ನು ರೂಪಿಸಿದ. 1877ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ತುಳಿಯುವ ಬಂಡಿಗೂ ಅದನ್ನು ಅಳವಡಿಸಿದ. ಅದೇ ಡಿಫರೆನ್ಶಿಯಲ್.

ಅದು ಎಂಜಿನ್ನಿನ ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುವ ಹಲ್ಲು ಚಕ್ರಗಳ ಜೊತೆಗೇ ಕೂತಿರುತ್ತದೆ. ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. 43 ಹಲ್ಲಿನ ಕ್ರೌನನ್ನು 8 ಹಲ್ಲಿನ ಪಿನಿಯನ್ ತಿರುಗಿಸಿದರೆ ಅನುಪಾತ 5.38. 39 ಹಲ್ಲಾದರೆ 4.88.

ಇತಿಹಾಸ ಅಡಗಿರುವುದು ಇಲ್ಲಿಯೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಅವುಗಳ ಲೆಕ್ಕ 39–8. ಸೈನಿಕರಿಗೆ ರಸ್ತೆಯ ಮೇಲೆ ವೇಗವೂ ಬೇಕಿತ್ತು. 1945ರಲ್ಲಿ ಯುದ್ಧ ಮುಗಿದಾಗ ವಿಲ್ಲಿಸ್ ಕಂಪೆನಿ ಅದೇ ಜೀಪನ್ನು ರೈತರಿಗೆ ಮಾರಲು ಹೊರಟಿತು. ನೇಗಿಲು ಎಳೆಯಬೇಕಾದರೆ ವೇಗ ಕಡಿಮೆಯಾದರೂ ಸರಿ, ಎಳೆತ ಹೆಚ್ಚಬೇಕು. ಆ ಸಿಜೆ–2ಎ ಮಾದರಿಗೆ 43–8 ಬಂತು. ಹೆಚ್ಚಾದ ಆ ನಾಲ್ಕು ಹಲ್ಲುಗಳು ರಣರಂಗದಿಂದ ಹೊಲಕ್ಕೆ ಬಂದ ಹಾದಿಯ ಗುರುತು. ಭಾರತದಲ್ಲಿ 1945ರಲ್ಲಿ ಆರಂಭವಾದ ಮಹೀಂದ್ರ ಸಂಸ್ಥೆ ಕೆಲವೇ ವರ್ಷಗಳಲ್ಲಿ ಜೀಪು ಜೋಡಿಸತೊಡಗಿತು. ಅವು ನಮ್ಮ ಹಳ್ಳಿಗಳ ರಸ್ತೆಗೂ ಇಳಿದವು.

ಈಗ ಕತ್ತಲಗೆರೆಯ ಅಪಘಾತವನ್ನು ಲೆಕ್ಕ ಹಾಕಿ ನೋಡಿ. ನಾಲ್ಕು ಚಕ್ರದ ಗೇರು ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದಿನ ಚಕ್ರಗಳು 100 ಮೀಟರು ಹೋಗುವ ಹೊತ್ತಿಗೆ ಮುಂದಿನವು ಸುಮಾರು 91 ಮೀಟರು ಮಾತ್ರ ಹೋಗಬೇಕಾಗುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಕರಗಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲ. ಒತ್ತಡ ಹಲ್ಲುಗಳಲ್ಲಿ ಕೂಡುತ್ತಾ ಹೋಗಿ ಒಂದು ಮುರಿಯಿತು. ಮುರಿದದ್ದು ಸವೆದ ಮಾಲಲ್ಲ, ಗಟ್ಟಿ ಮಾಲೇ. ಅದಕ್ಕೆ ತಕ್ಕ ಜೊತೆ ಇರಲಿಲ್ಲ, ಅಷ್ಟೆ.

ಹಾಗಾದರೆ ಹಳೆಯ ಆಕ್ಸಲ್ಲನ್ನು ಗುರುತಿಸುವುದು ಹೇಗೆ? ಮುಚ್ಚಳ ಬಿಚ್ಚದೆಯೇ ಅನುಪಾತ ತಿಳಿಯುವ ವಿಧಾನವೊಂದಿದೆ. ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿರಿಯರ ಸಮ್ಮುಖದಲ್ಲಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಿ, ಗೇರನ್ನು ನ್ಯೂಟ್ರಲ್‌ನಲ್ಲಿಡಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಉದ್ದನೆಯ ಪ್ರೊಪೆಲರ್ ಶಾಫ್ಟು ಎಷ್ಟು ಸುತ್ತು ಬಂತೋ ಅದೇ ಅನುಪಾತ. ಎರಡು ಸುತ್ತು ಏಕೆ? ಒಂದು ಚಕ್ರ ನಿಂತೇ ಇದ್ದಾಗ, ತಿರುಗುವ ಚಕ್ರದ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ಬರುತ್ತದೆ. ಡಿಫರೆನ್ಶಿಯಲ್ಲಿನ ಗುಟ್ಟೆಲ್ಲ ಈ ಒಂದು ಪ್ರಯೋಗದಲ್ಲಿದೆ.

ಎರಡನೆಯದಾಗಿ, ಎರಕದ ಮೇಲಿನ ಅಂಕಿಗಳನ್ನು ಓದಿ. ಜೀಪುಗಳ ಹಿಂದಿನ ಆಕ್ಸಲ್ಲುಗಳಲ್ಲಿ ಗಟ್ಟಿತನಕ್ಕೆ ಹೆಸರಾದದ್ದು ಡಾನಾ 44. ಹೌಸಿಂಗಿನ ಏಣುಗಳ ನಡುವೆ ‘44’ ಎಂದು ಎರಕದಲ್ಲೇ ಮೂಡಿರುತ್ತದೆ. ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುವ ಡಾನಾ 41 ಬೇರೆಯದೇ ಮಾಲು. ಅದರ ಬಿಡಿಭಾಗ ಸಿಗುವುದು ಕಷ್ಟ. 44ರಲ್ಲಿಯೂ ಚಕ್ರದ ಶಾಫ್ಟಿನ ತುದಿಯ ಗೀರುಗಳು ಬಹಳ ಹಳೆಯದರಲ್ಲಿ 10, ನಂತರದವುಗಳಲ್ಲಿ 19, ಇನ್ನೂ ಈಚಿನವುಗಳಲ್ಲಿ 30. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿಸಿ ಜೋಡಿಯಾಗಿ ಸಿದ್ಧಪಡಿಸುತ್ತಾರೆ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಗೀಚಿರುತ್ತದೆ. ಸಂಖ್ಯೆ ಬೇರೆಯಾದರೆ ಹಲ್ಲು ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಕೊಳ್ಳಬೇಡಿ. ಅದು ಊಳಿಡುತ್ತದೆ, ಬೇಗ ಸವೆಯುತ್ತದೆ. ಒಳಗಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ. ಲೋಹದ ಚೂರು ಮಿನುಗಿದರೆ ಆ ಆಕ್ಸಲ್ಲನ್ನು ಬಿಟ್ಟುಬಿಡಿ.

ಇಂಥ ಮಾಲನ್ನು ಹುಡುಕುವವರು ಬೆಂಗಳೂರಿನ ಶಿವಾಜಿನಗರದ ಗುಜರಿಗೆ, ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವುದು ರೂಢಿ. ನಮ್ಮ ರೈತರೂ ಹೋದರು. ಗುಜರಿಯೊಂದರಲ್ಲಿ 43 ಹಲ್ಲಿನ ಕ್ರೌನ್ ಸಿಕ್ಕಿತು. ಅದರ ಪಿನಿಯನ್ ಹಿಂದಿನ ವಾರವಷ್ಟೇ ತೂಕಕ್ಕೆ ಕರಗಲು ಹೋಗಿತ್ತು. ಜೊತೆಯಿಲ್ಲದ ಆ ಕ್ರೌನ್ ಬರೀ ಕಬ್ಬಿಣ. ಕೊನೆಗೆ ಜೋಡಿ ಸಿಕ್ಕಿದ್ದು ಸಂತೆಬೆನ್ನೂರಿನ ಕಡೆಯ ಹಿತ್ತಲೊಂದರಲ್ಲಿ, ಕೋಳಿಗಳು ಕೂರುತ್ತಿದ್ದ ಜೀಪಿನ ಕೆಳಗೆ. ಮುಂದಿನ ಸೋಮವಾರ ಅದನ್ನು ಗ್ಯಾಸಿನಿಂದ ಕತ್ತರಿಸಲು ಜನ ಬರುವವರಿದ್ದರು. ಮೆಕ್ಯಾನಿಕ್ ಮಣ್ಣು ಒರೆಸಿ ಸಂಖ್ಯೆ ಓದಿದರು. ಎರಡೂ ಒಂದೇ ಆಗಿದ್ದವು.

2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ನಿಯಮ ಮಾಡಿತು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನೇ ನೀವು ನೋಡಬಹುದು. ಆದರೆ ಊರೂರಿನ ಹಿತ್ತಲುಗಳಲ್ಲಿ ನಿಂತಿರುವ ವಾಹನಗಳಿಗೆ ಸಂಗ್ರಹಾಲಯವಿಲ್ಲ. ಅವುಗಳಲ್ಲಿ ಕೆಲವು ಗುಜರಿಗೆ ಹೋಗಲೇಬೇಕು, ಅದು ತಪ್ಪಲ್ಲ. ಹೋಗುವ ಮುನ್ನ ಆಕ್ಸಲ್ಲನ್ನು ಬಿಡಿಸದೆ ಇಡಿಯಾಗಿ ಕಳಚಿಟ್ಟರೆ, ಇನ್ನೊಂದು ಜೀಪು ಬದುಕುತ್ತದೆ.

ನಿಮ್ಮ ಊರಿನಲ್ಲಿ ಅಂಥದೊಂದು ವಾಹನವಿದ್ದರೆ ಈ ಬೇಸಿಗೆ ರಜೆಯಲ್ಲಿ ಯಜಮಾನರ ಅನುಮತಿ ಕೇಳಿ ಹತ್ತಿರ ಹೋಗಿ. ಒಂದು ಹಳೆಯ ಬಟ್ಟೆ, ಸೀಮೆಸುಣ್ಣ, ನೋಟುಪುಸ್ತಕ ಜೊತೆಗಿರಲಿ. ಎರಕದ ಅಂಕಿಯ ಮೇಲೆ ಸುಣ್ಣ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತದೆ. ಬರೆದಿಟ್ಟುಕೊಳ್ಳಿ. ಶಾಸನತಜ್ಞರು ಕಲ್ಲಿನ ಮುಂದೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ.