ಮಾರಿದ ವಾಲ್‌ಚಂದ್, ಮಾರದ ಮೈಸೂರು

ಸಂತೆಯಲ್ಲಿ ಗಿರಾಕಿ ಒಬ್ಬನೇ ಆದರೆ ಬೆಲೆ ಕಟ್ಟುವವನೂ ಅವನೇ. ಸಂತೆಬಾಚಹಳ್ಳಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಕಂಪನಿಗಳಿಗೂ ಇದೇ ಪಾಡು ಬರುತ್ತದೆ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಮಂಡ್ಯ ಜಿಲ್ಲೆಯಾಗಿ ಆಗಷ್ಟೇ ಒಂದು ವರ್ಷ ಕಳೆದಿತ್ತು. ನಾವೆಲ್ಲ ಮೈಸೂರು ಸಂಸ್ಥಾನದ ಪ್ರಜೆಗಳು. ಸಂಸ್ಥಾನ ಕಂಪನಿಗೆ ಜಾಗ ಕೊಟ್ಟಿತು, ಷೇರಿಗೆ ಹಣವನ್ನೂ ಹಾಕಿತು. ನಮ್ಮ ಹಿರಿಯರು ಕಟ್ಟಿದ ಕಂದಾಯವೂ ಆ ಖಜಾನೆಯಲ್ಲೇ ಇತ್ತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು.

ಯುದ್ಧದ ಕಾಲ. ವಿಮಾನಕ್ಕೆ ಗಿರಾಕಿ ಎಂದರೆ ಸರ್ಕಾರವೇ. 1942ರ ಮಾರ್ಚ್‌ನಲ್ಲಿ ಜಪಾನ್ ಸೇನೆ ರಂಗೂನ್ ಹಿಡಿಯಿತು. ಏಪ್ರಿಲ್‌ನಲ್ಲಿ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. ಹೊಸ ವಿಮಾನ ಕಟ್ಟುವ ಕೆಲಸ ಹಿಂದೆ ಬಿದ್ದು, ಯುದ್ಧವಿಮಾನಗಳ ರಿಪೇರಿಯೇ ಮುಖ್ಯವಾಯಿತು.

ಮೈಸೂರು ಮಾತ್ರ ಷೇರು ಮಾರಲಿಲ್ಲ. ಆಡಳಿತ ಬಿಟ್ಟುಕೊಟ್ಟಿತು, ಪಾಲು ಉಳಿಸಿಕೊಂಡಿತು. ಆ ಕಂಪನಿಯಿಂದಲೇ 1964ರಲ್ಲಿ ಇಂದಿನ ಎಚ್‌ಎಎಲ್ ಆಯಿತು.

ಹಳೆಯ ಕಥೆ ಈಗೇಕೆ? 2020ರಲ್ಲಿ, ಕೊರೊನಾ ವರ್ಷದಲ್ಲಿ, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ 40 ವರ್ಷಕ್ಕೆ ಖಾಸಗಿ ಕಂಪನಿಗೆ ಗುತ್ತಿಗೆ ಹೋಯಿತು. ಗುತ್ತಿಗೆ ಎಂದರೆ ಮಾರಾಟವಲ್ಲ. ನಡೆಸುವವರು ಬೇರೆ, ಒಡೆಯರು ಬೇರೆ. ಕಷ್ಟಕಾಲದಲ್ಲಿ ಕೀಲಿಕೈ ಕೊಡಬೇಕಾಗಿ ಬರಬಹುದು, ಪಾಲು ಬಿಡಬೇಕೆಂದೇನಿಲ್ಲ. ಆದರೆ ಪಾಲು ಕಾಗದದಲ್ಲಷ್ಟೇ ಇದ್ದರೆ ಸಾಲದು. ಮನೆಯಲ್ಲಿ ಅಪ್ಪ, ತಾತನ ಹೆಸರಿನ ಷೇರು ಪತ್ರ ಇದ್ದರೆ ಜೋಪಾನವಾಗಿಡೋಣ, ಸರ್ವಸದಸ್ಯರ ಸಭೆಗೆ ಹೋಗಿ ಲೆಕ್ಕ ಕೇಳೋಣ.